ಗೋಡೆ ಮೇಷ್ಟ್ರ ಹೆಂಡತಿಗೆ ಬಂದ ಬಹುಮಾನ

ನಮ್ಮಕ್ಕನೂ ಭಾವನೂ ಒಂದೇ ವಿಶ್ವವಿದ್ಯಾಲಯದ ಒಂದೇ ವಿಭಾಗದಲ್ಲಿ ಗಣಿತ ಕಲಿಸುತ್ತಿದ್ದರು. ನಾನು ಅಲ್ಲೇ ಆಡಳಿತ ಕಚೇರಿಯಲ್ಲಿ ವೇಳಾಪಟ್ಟಿ ನೋಡಿಕೊಳ್ಳುವವಳು. ಯಾವ ಪಾಠ ಯಾವ ಕೋಣೆಯಲ್ಲಿ, ಯಾರ ತರಗತಿ ಯಾರದಕ್ಕೆ ಡಿಕ್ಕಿ ಹೊಡೆಯುತ್ತದೆ, ಯಾವ ಕೋಣೆಯ ಕಿಟಕಿ ಸರಿಯಾಗಿ ಮುಚ್ಚುವುದಿಲ್ಲ ಎಂಬುದೆಲ್ಲ ನನ್ನ ತಲೆನೋವು. ಹಾಗಾಗಿ ಯಾರ ತರಗತಿ ತುಂಬಿ ತುಳುಕುತ್ತದೆ, ಯಾರದು ಭಣಗುಡುತ್ತದೆ ಎಂಬುದು ನನಗೆ ಬೇಡವೆಂದರೂ ತಿಳಿಯುತ್ತಿತ್ತು. ಅಕ್ಕನ ತರಗತಿಗೆ ಕುರ್ಚಿ ಸಾಲದೆ ಪಕ್ಕದ ಕೋಣೆಯಿಂದ ಎಳೆದು ತರುತ್ತಿದ್ದರು. ಆ ಪಕ್ಕದ ಕೋಣೆ ಎಷ್ಟೋ ಸಲ ಭಾವನದೇ ಆಗಿರುತ್ತಿತ್ತು.

ಹುಡುಗರು ಯಾರಿಗೆ ತಾನೇ ಅಡ್ಡಹೆಸರು ಇಡದೆ ಬಿಡುತ್ತಾರೆ? ಅಕ್ಕನಿಗೆ ‘ಲೆಕ್ಕದಮ್ಮ’ ಎನ್ನುತ್ತಿದ್ದರು. ಭಾವನಿಗೆ ‘ಗೋಡೆ ಮೇಷ್ಟ್ರು’.

ಆ ಹೆಸರಿನಲ್ಲಿ ಸುಳ್ಳೇನೂ ಇರಲಿಲ್ಲ. ಭಾವ ತರಗತಿಯ ಬಾಗಿಲು ದಾಟಿದರೆಂದರೆ ನೆಟ್ಟಗೆ ಹೋಗಿ ಬೋರ್ಡಿನ ಎದುರು ನಿಲ್ಲುತ್ತಿದ್ದರು. ಎಡಗಡೆಯ ಮೇಲಿನ ಮೂಲೆಯಿಂದ ಬರೆಯಲು ಶುರು ಮಾಡಿದರೆ ಗಂಟೆ ಹೊಡೆಯುವ ತನಕ ಅವರ ಮುಖವನ್ನು ಬೋರ್ಡು ಬಿಟ್ಟು ಇನ್ನಾರೂ ಕಾಣುತ್ತಿರಲಿಲ್ಲ. ಅಕ್ಷರ ಮುತ್ತು ಪೋಣಿಸಿದ ಹಾಗೆ. ಮಾತು ಮಾತ್ರ ಗೋಡೆಯ ಒಳಗೇ ಇಂಗಿಹೋಗುತ್ತಿತ್ತು. ಹಿಂದಿನಿಂದ ಯಾರಾದರೂ ಪ್ರಶ್ನೆ ಕೇಳಿದರೆ ಅದಕ್ಕೂ ಬೋರ್ಡಿನ ಮೇಲೇ ಉತ್ತರ ಬರೆಯುತ್ತಿದ್ದರು. ವಿಭಾಗದ ಮುಖ್ಯಸ್ಥರು ಹೇಳಿ ಹೇಳಿ ಸಾಕಾಗಿದ್ದರು. “ಸ್ವಲ್ಪ ಈ ಕಡೆ ತಿರುಗ್ರೀ ಮಾರಾಯ್ರೆ, ಮಕ್ಕಳೇನು ಕಚ್ತಾವಾ?” ಭಾವ ತಿರುಗಿದ್ದೂ ಉಂಟು. ತಿರುಗಿದ ಕೂಡಲೇ ಗಂಟಲಿಗೆ ಬೀಗ ಬಿದ್ದು, ಕೈಯಲ್ಲಿದ್ದ ಚಾಕ್‌ಪೀಸನ್ನು ಪುಡಿ ಮಾಡುತ್ತ ನಿಂತು, ಎಲ್ಲಿಯವರೆಗೆ ಬಂದಿದ್ದೆ ಎಂಬುದೇ ಮರೆತು, ಮತ್ತೆ ಗೋಡೆಗೇ ಶರಣಾಗುತ್ತಿದ್ದರು. ಬಾಯಿದ್ದವನು ಬರಗಾಲದಲ್ಲೂ ಬದುಕಿಯಾನು ಎನ್ನುತ್ತಾರೆ. ಬಾಯಿ ಇಲ್ಲದವರು ಮೇಷ್ಟ್ರಾಗಿ ಬದುಕುವುದು ಹೇಗೆ ಎಂದು ಯಾವ ಗಾದೆಯೂ ಹೇಳುವುದಿಲ್ಲ.

ಆದರೆ ಮನೆಯಲ್ಲಿ ಆ ಮನುಷ್ಯ ಬೇರೆಯೇ.

ಅಕ್ಕ ಹುಟ್ಟಾ ಗಣಿತದವಳಲ್ಲ. ಕಾಲೇಜಿನ ಎರಡನೇ ವರ್ಷದಲ್ಲಿ ಗಣಿತ ಬಿಟ್ಟೇಬಿಡುತ್ತೇನೆ ಎಂದು ಹೊರಟಿದ್ದಳು. ಆಗ ಮೇಲಿನ ತರಗತಿಯಲ್ಲಿ ಓದುತ್ತಿದ್ದ ಭಾವ ಗ್ರಂಥಾಲಯದ ಮೆಟ್ಟಿಲ ಮೇಲೆ ಕೂತು ಅವಳಿಗೆ ಒಂದು ಅಧ್ಯಾಯ ಹೇಳಿಕೊಟ್ಟರಂತೆ. ಆಮೇಲೆ ಇನ್ನೊಂದು. “ಅವರು ಹೇಳ್ತಾ ಇದ್ರೆ ನಾನೇ ದೊಡ್ಡ ಜಾಣೆ ಅನ್ನಿಸಿಬಿಡ್ತಿತ್ತು ಕಣೆ. ಅಂಥವರನ್ನ ಬಿಟ್ಟು ಇನ್ಯಾರನ್ನ ಮದುವೆ ಆಗ್ಲಿ?” ಎಂದು ಅಕ್ಕ ನನಗೆ ಹೇಳಿದ್ದಳು.

ಮದುವೆಯಾದ ಮೇಲೂ ಅದು ನಿಲ್ಲಲಿಲ್ಲ. ಸಂಜೆ ಅಡುಗೆಮನೆಯ ಮೇಜಿನ ಮುಂದೆ ಅಕ್ಕ ನಾಳೆಯ ಪಾಠ ತೆಗೆದು, “ರೀ, ಇದನ್ನ ಹುಡುಗರ ತಲೆಗೆ ಹೇಗೆ ಹಾಕೋದು?” ಎಂದು ಕೇಳುವಳು. ಭಾವ ತರಕಾರಿ ಹೆಚ್ಚುವುದನ್ನು ನಿಲ್ಲಿಸಿ, ಚಮಚ, ಲೋಟ, ಡಬ್ಬದ ಮುಚ್ಚಳ ಎಲ್ಲ ಮೇಜಿನ ಮೇಲೆ ಜೋಡಿಸಿ, ನಾಟಕದವರ ಹಾಗೆ ಕಣ್ಣು ಅರಳಿಸಿಕೊಂಡು ಹೇಳುತ್ತಿದ್ದರು. ಒಂದು ಸಂಜೆ ನಾನು ಅಲ್ಲೇ ಇದ್ದೆ. ಒಣಗಿದ ಹೊದಿಕೆಯನ್ನು ಗಂಡ ಹೆಂಡತಿ ಇಬ್ಬರೂ ಎರಡು ಕಡೆ ಹಿಡಿದು ಮಡಚುತ್ತಿದ್ದರು. ಅದರ ಒಂದು ಮೂಲೆಯಲ್ಲಿ ಶಾಯಿಯ ಕಲೆ. ಭಾವ ಥಟ್ಟನೆ ನಿಂತು, “ತಾಳು, ಮಡಚಬೇಡ” ಎಂದರು. “ಈಗ ಇದನ್ನ ಮೊದಲು ಕಾಲು ಸುತ್ತು ತಿರುಗಿಸೋಣ, ಆಮೇಲೆ ಮಗುಚೋಣ. ಕಲೆ ಎಲ್ಲಿಗೆ ಹೋಯ್ತು ನೋಡ್ಕೋ. ಈಗ ವಾಪಸ್ ತಂದು, ಮೊದಲು ಮಗುಚಿ ಆಮೇಲೆ ತಿರುಗಿಸೋಣ. ನೋಡು, ಕಲೆ ಇನ್ನೊಂದು ಮೂಲೇಲಿ! ಕೆಲಸ ಎರಡೂ ಅವೇ. ಯಾವುದು ಮೊದಲು ಅನ್ನೋದರ ಮೇಲೆ ಎಲ್ಲಾ ಹೋಗುತ್ತೆ.” ಅಕ್ಕ ಹೊದಿಕೆ ಹಿಡಿದುಕೊಂಡೇ ಕುಣಿದಳು. ಮಾರನೇ ದಿನ ಅದೇ ಹೊದಿಕೆ ಅವಳ ಚೀಲದಲ್ಲಿ ತರಗತಿಗೆ ಹೋಯಿತು. ಇಬ್ಬರು ವಿದ್ಯಾರ್ಥಿಗಳ ಕೈಗೆ ಕೊಟ್ಟು ತಿರುಗಿಸಿ ಮಗುಚಿಸಿದಳಂತೆ. ಕೋಣೆ ನಗುವಿನಿಂದ ಹಾರಿಹೋಗುವಂತಾಗಿ, ಪಕ್ಕದ ಕೋಣೆಯಲ್ಲಿ ಗೋಡೆಯ ಜೊತೆ ಮಾತಾಡುತ್ತಿದ್ದ ಭಾವನಿಗೂ ಕೇಳಿಸಿತಂತೆ. “ಗೆದ್ದೆ ಅಲ್ವಾ?” ಎಂದು ಸಂಜೆ ಅವರೇ ಕೇಳಿದರು. ಅವರ ಮುಖದಲ್ಲಿ ಕಹಿ ಎಂಬುದರ ಸುಳಿವಿರಲಿಲ್ಲ. ಒಳ್ಳೆಯ ಪಾಠ ಬರೆಯುವವರು ಒಬ್ಬರು, ಆಡುವವರು ಒಬ್ಬರು, ಸಂಸಾರ ಹೀಗೇ ಸರಾಗವಾಗಿ ನಡೆಯುತ್ತದೆ ಎಂದು ನಾವೆಲ್ಲ ಅಂದುಕೊಂಡಿದ್ದೆವು.

ಹೀಗಿರುವಾಗ ವಿದ್ಯಾರ್ಥಿ ಸಂಘದವರು ಒಂದು ಬಹುಮಾನ ಶುರು ಮಾಡಿದರು. ಯಾರು ಚೆನ್ನಾಗಿ ಪಾಠ ಮಾಡುತ್ತಾರೆ ಎಂದು ಇಷ್ಟು ದಿನ ಮೇಲಿನವರೇ ತೀರ್ಮಾನ ಮಾಡಿದ್ದು ಸಾಕು, ಬೆಂಚಿನ ಮೇಲೆ ಕೂತು ಕೇಳುವವರು ನಾವು, ನಾವೇ ಹೇಳುತ್ತೇವೆ ಎಂಬುದು ಅವರ ವಾದ. ಮಾತು ನ್ಯಾಯವಾದದ್ದೇ. ಇದರ ಮುಂದಾಳು ಒಬ್ಬಳು ದಪ್ಪ ಕನ್ನಡಕದ ಹುಡುಗಿ, ಕಾರ್ಯದರ್ಶಿ. ಹಿಡಿದ ಕೆಲಸ ಬಿಡದವಳು. ಊಟದ ಸಾಲಿನಲ್ಲಿ, ಬಸ್ ನಿಲ್ದಾಣದಲ್ಲಿ, ಗ್ರಂಥಾಲಯದ ಬಾಗಿಲಲ್ಲಿ ಹುಡುಗರನ್ನು ನಿಲ್ಲಿಸಿ, “ನಿಮಗೆ ಮರೆಯಕ್ಕೇ ಆಗದ ಪಾಠ ಯಾವುದು? ಯಾರು ಹೇಳಿದ್ದು?” ಎಂದು ಬರೆಸಿಕೊಂಡಳು.

ಫಲಿತಾಂಶ ಹೇಳಲು ಅವಳೂ ನಾಲ್ಕಾರು ಗೆಳೆಯರೂ ವಿಭಾಗಕ್ಕೆ ಬಂದಾಗ ಅಕ್ಕ ಭಾವ ಇಬ್ಬರೂ ಅಧ್ಯಾಪಕರ ಕೋಣೆಯಲ್ಲಿ ಎದುರು ಬದುರು ಕೂತಿದ್ದರು. ನಾನು ಯಾವುದೋ ತರಗತಿ ಬದಲಾವಣೆಗೆ ಸಹಿ ಹಾಕಿಸಿಕೊಳ್ಳಲು ಅಲ್ಲೇ ನಿಂತಿದ್ದೆ.

“ಮೇಡಂ, ನೀವೇ!” ಎಂದಳು ಹುಡುಗಿ. ಉಸಿರು ಸಿಗುತ್ತಿರಲಿಲ್ಲ ಅವಳಿಗೆ. “ಇಡೀ ವಿಶ್ವವಿದ್ಯಾಲಯಕ್ಕೇ ನೀವೇ ಮೊದಲು. ಹುಡುಗರು ಏನೇನು ಬರೆದಿದಾರೆ ಗೊತ್ತಾ? ಓದ್ತೀನಿ ಕೇಳಿ.”

ಓದಿದಳು. ಹೊದಿಕೆಯ ಪಾಠ. ಡಬ್ಬದ ಮುಚ್ಚಳಗಳ ಪಾಠ. ಎರಡು ಚಮಚ ಒಂದಕ್ಕೊಂದು ಎಂದೂ ಮುಟ್ಟದೆ ಹತ್ತಿರವಾಗುವ ಪಾಠ. ‘ಆ ದಿನ ನನಗೆ ಮೊದಲ ಸಲ ನಾನು ದಡ್ಡನಲ್ಲ ಅನ್ನಿಸಿತು’ ಎಂದು ಯಾರೋ ಬರೆದಿದ್ದರು. ಒಂದೊಂದನ್ನು ಓದಿದಾಗಲೂ ಅಕ್ಕನ ಮುಖ ಇಳಿಯುತ್ತ ಹೋಯಿತು. ಆ ಪಾಠಗಳಲ್ಲಿ ಅವಳದೆಂಬುದು ಒಂದೂ ಇರಲಿಲ್ಲ. ಹುಡುಗರು ಅದನ್ನು ವಿನಯ ಎಂದುಕೊಂಡು ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು. ಭಾವ ಎದ್ದು ಬಂದು ಆ ಹುಡುಗಿಯ ಕೈ ಕುಲುಕಿ, “ಒಳ್ಳೇ ಆಯ್ಕೆ ಮಾಡಿದೀರಿ” ಎಂದು ನೆಲ ನೋಡುತ್ತ ಹೇಳಿದರು. ಅಷ್ಟು ಜನರ ಮುಂದೆ ಅವರು ಅಷ್ಟು ಮಾತಾಡಿದ್ದೇ ಹೆಚ್ಚು.

ಸಂಜೆ ಅಕ್ಕ ನೇರವಾಗಿ ನಮ್ಮ ಮನೆಗೆ ಬಂದಳು. ಚಪ್ಪಲಿ ಬಿಡದೆಯೇ, “ನನಗೆ ಬೇಡ ಅಂದುಬಿಡ್ಲೇನೆ?” ಎಂದಳು.

“ಬೇಡ ಅಂದ್ರೆ ಯಾಕೆ ಅಂತ ಕೇಳ್ತಾರೆ. ಏನು ಹೇಳ್ತೀಯ?”

“ನಿಜ ಹೇಳ್ತೀನಿ. ಇದೆಲ್ಲ ಅವರದು, ನಾನು ಬರೀ ಹೊತ್ಕೊಂಡು ಹೋಗಿ ಕೊಟ್ಟವಳು ಅಂತ.”

“ಭಾವನ್ನ ಕೇಳಿದ್ಯಾ?”

“ಕೇಳಿದೆ. ‘ಹುಚ್ಚೀ, ಹೇಳಿದ್ದು ನೀನು, ಅವರಿಗೆ ಅರ್ಥ ಆಗಿದ್ದು ನಿನ್ನಿಂದ, ಸುಮ್ಮನೆ ಹೋಗಿ ತಗೋ’ ಅಂದ್ರು. ಆದ್ರೆ ಹೇಗೆ ತಗೊಳ್ಳಿ? ಅವರ ಊಟ ಕಸಿದುಕೊಂಡು ತಿಂದ ಹಾಗಾಗುತ್ತೆ.”

ತಗೊಳ್ಳಬೇಕು, ವೇದಿಕೆಯ ಮೇಲೆ ಎಲ್ಲರೆದುರಿಗೂ ನಿಜ ಹೇಳಬೇಕು ಎಂದು ಅವಳು ಕೊನೆಗೆ ನಿಶ್ಚಯ ಮಾಡಿದಳು. ಅದಕ್ಕಿಂತ ಸರಿಯಾದ್ದು ನನಗೂ ಹೊಳೆಯಲಿಲ್ಲ. ಇಂದಿಗೂ ಹೊಳೆದಿಲ್ಲ.

ಸಭಾಂಗಣ ಕಿಕ್ಕಿರಿದಿತ್ತು. ಕುಲಪತಿಗಳು ಮೂಲೆಯ ಕುರ್ಚಿಯಲ್ಲಿ ಅತಿಥಿಯಂತೆ ಕೂತಿದ್ದರು, ಕಾರುಬಾರೆಲ್ಲ ವಿದ್ಯಾರ್ಥಿಗಳದೇ. ಭಾವ ನನ್ನ ಪಕ್ಕದಲ್ಲಿ, ಇಸ್ತ್ರಿ ಮಾಡಿದ ಅಂಗಿಯ ಗುಂಡಿಯನ್ನು ಕತ್ತಿನ ತನಕ ಹಾಕಿಕೊಂಡು ಕೂತಿದ್ದರು. ಹೆಂಡತಿಯ ಹೆಸರು ಕೂಗಿದಾಗ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವರು ಅವರೇ. ಅಕ್ಕ ಗಾಜಿನ ಫಲಕ ಹಿಡಿದುಕೊಂಡು ಮೈಕಿನ ಮುಂದೆ ನಿಂತಳು.

“ನೀವು ಮೆಚ್ಚಿದ ಪಾಠಗಳೆಲ್ಲ ನಮ್ಮ ಅಡುಗೆಮನೇಲಿ ಹುಟ್ಟಿದ್ದು” ಎಂದಳು. “ಒಂದೂ ನನ್ನದಲ್ಲ. ನನಗೆ ಅವನ್ನ ಹೇಳಿಕೊಟ್ಟವರು ಇಲ್ಲೇ ಕೂತಿದಾರೆ. ಈ ಬಹುಮಾನ ಅವರಿಗೆ ಸೇರಬೇಕು.”

ಸಭೆಯೆಲ್ಲ ತಿರುಗಿ ನೋಡಿತು. ಆಮೇಲೆ ಹಿಂದಿನ ಸಾಲಿನಿಂದ ಯಾರೋ, “ಏ, ಗೋಡೆ ಮೇಷ್ಟ್ರು ಕಣ್ರೋ!” ಎಂದು ಕೂಗಿದರು. ಆ ಕೂಗಿನಲ್ಲಿ ಕುಹಕ ಇರಲಿಲ್ಲ, ಆಶ್ಚರ್ಯ ಇತ್ತು, ಪ್ರೀತಿಯೂ ಇತ್ತು. ಆದರೂ ಸಭೆ ಗೊಳ್ಳೆಂದು ನಕ್ಕಿತು. ನಗುವಿನ ಬೆನ್ನಿಗೇ ಚಪ್ಪಾಳೆ. ಕನ್ನಡಕದ ಹುಡುಗಿ ಮೈಕಿನಲ್ಲಿ, “ಸರ್, ದಯವಿಟ್ಟು ಮೇಲೆ ಬನ್ನಿ” ಎಂದಳು. ಚಪ್ಪಾಳೆ ನಿಲ್ಲಲೇ ಇಲ್ಲ. ಭಾವ ನನ್ನ ಕಡೆ ನೋಡಿದರು. ನಾನು ಕಾಲು ಮಡಚಿ ದಾರಿ ಬಿಟ್ಟೆ.

ಮೇಲೆ ಹೋದರು. ಯಾರೋ ಮೈಕು ಕೈಗಿತ್ತರು. ಬಾಯಿ ತೆರೆದರು. ಗಂಟಲ ಸದ್ದೊಂದು ಧ್ವನಿವರ್ಧಕದಲ್ಲಿ ಗರಗರ ಎಂದಿತು. ಇನ್ನೊಮ್ಮೆ ಬಾಯಿ ತೆರೆದರು. ಆಮೇಲೆ, ಪಾಪ, ಜನ್ಮಕ್ಕಂಟಿದ ಅಭ್ಯಾಸ, ನಿಧಾನವಾಗಿ ಹಿಂದಕ್ಕೆ ತಿರುಗಿ ವೇದಿಕೆಯ ಪರದೆಗೆ ಮುಖ ಮಾಡಿ ನಿಂತರು.

ಈ ಸಲದ ನಗುವನ್ನು ಯಾರೂ ತಡೆಯಲಾರದಾದರು. ಕುಲಪತಿಗಳೂ ನಕ್ಕರು. ಅಕ್ಕ ಹೋಗಿ ಅವರ ತೋಳು ಹಿಡಿದಳು. ಇಬ್ಬರೂ ಮೆಟ್ಟಿಲಿಳಿದು ಬಂದರು, ಫಲಕ ಅಲ್ಲೇ ಮೇಜಿನ ಮೇಲೆ ಉಳಿಯಿತು. ಅದನ್ನು ಆಮೇಲೆ ನಾನು ಮನೆಗೆ ತಲುಪಿಸಿದೆ.

ಮನೆಯಲ್ಲಿ ಜಗಳವಾಗಲಿಲ್ಲ. ಜಗಳವಾಗಿದ್ದರೆ ಎಷ್ಟೋ ಒಳ್ಳೆಯದಿತ್ತು ಎಂದು ಅಕ್ಕ ಹೇಳುತ್ತಿದ್ದಳು. ಭಾವ ಎಂದಿನಂತೆ ಚಹಾ ಮಾಡಿದರು, ತರಕಾರಿ ಹೆಚ್ಚಿದರು, ನನ್ನ ಗಂಡನ ಮಂಡಿನೋವು ಹೇಗಿದೆ ಎಂದು ವಿಚಾರಿಸಿದರು. ಆದರೆ ಅಕ್ಕ ಪುಸ್ತಕ ತೆಗೆದು, “ರೀ, ಇದನ್ನ ಹೇಗೆ ಹೇಳೋದು?” ಎಂದು ಕೇಳಿದಾಗ ಅವರ ಕೈ ನಿಂತುಹೋಯಿತು. ಪ್ರಯತ್ನಪಟ್ಟರು. ಒಂದು ಲೋಟ ಎತ್ತಿಟ್ಟರು. ಗಂಟಲು ಸರಿಮಾಡಿಕೊಂಡರು.

“ಆಗ್ತಿಲ್ಲ” ಎಂದರು ಕೊನೆಗೆ.

“ನನ್ನ ಮೇಲೆ ಕೋಪಾನಾ?”

“ಛೆ, ಕೋಪ ಎಂಥದು. ಮೊದಲು ಇಲ್ಲಿ ನೀನೊಬ್ಬಳೇ ಇರ್ತಿದ್ದೆ. ಈಗ ಮಾತು ಶುರು ಮಾಡಿದ್ರೆ ನಿನ್ನ ಹಿಂದೆ ಆ ಸಭಾಂಗಣದವರೆಲ್ಲ ಕೂತ ಹಾಗೆ ಅನ್ನಿಸುತ್ತೆ. ಪುಸ್ತಕದಲ್ಲಿ ಚೆನ್ನಾಗಿ ಕೊಟ್ಟಿದಾನೆ. ಓದ್ಕೋ, ನಿನಗೆ ಬರುತ್ತೆ.”

ಅಕ್ಕ ಇದನ್ನು ನನಗೆ ಹೇಳುವಾಗ ಅಳಲಿಲ್ಲ. ಅವಳ ಬೆರಳುಗಳು ನಮ್ಮ ಮೇಜಿನ ಬಟ್ಟೆಯ ದಾರವನ್ನು ಎಳೆಯುತ್ತಲೇ ಇದ್ದವು. “ಅವರಿಗೆ ಮಾತಾಡಕ್ಕೆ ಅಂತ ಇದ್ದಿದ್ದು ಅದೊಂದೇ ಜಾಗ. ಅದನ್ನೂ ನಾನೇ ಹಾಳು ಮಾಡಿದೆ” ಎಂದಳು. ಹಾಗಲ್ಲ ಎಂದು ನಾನು ಹೇಳಿದೆ. ಹಾಗೇ ಆಗಿತ್ತು.

ಗಾಯದ ಮೇಲೆ ಬರೆ ಎಂಬಂತೆ, ಮುಂದಿನ ಆರು ತಿಂಗಳ ಅವಧಿಗೆ ಭಾವನ ತರಗತಿಗೆ ಹೆಸರು ಕೊಟ್ಟವರ ಸಂಖ್ಯೆ ಏಕಾಏಕಿ ಏರಿತು. ಕನ್ನಡಕದ ಹುಡುಗಿಯ ಕೆಲಸ. ಅವಳು ಅವತ್ತು ನಕ್ಕಿದ್ದಕ್ಕೆ ಬಹಳ ನೊಂದುಕೊಂಡಿದ್ದಳಂತೆ. ‘ಇಷ್ಟು ದೊಡ್ಡ ಮೇಷ್ಟ್ರನ್ನ ನಾವು ಗುರುತಿಸಲೇ ಇಲ್ಲ, ಎಲ್ಲರೂ ಅವರ ತರಗತಿಗೆ ಹೋಗೋಣ, ಮುಂದಿನ ಸಾಲಿನಲ್ಲೇ ಕೂರೋಣ’ ಎಂದು ಗೆಳೆಯರನ್ನೆಲ್ಲ ಒಪ್ಪಿಸಿದ್ದಳು. ಅದುವರೆಗೆ ಬೆರಳೆಣಿಕೆಯ ಹುಡುಗರ ಎದುರು, ಅವರಿಗೂ ಬೆನ್ನು ಹಾಕಿ, ಹೇಗೋ ದಿನ ತಳ್ಳುತ್ತಿದ್ದ ಮನುಷ್ಯ. ಈಗ ಬಾಗಿಲ ತನಕ ಜನ. ಎಲ್ಲರ ಮುಖದಲ್ಲೂ ಕರುಣೆ, ಪ್ರೋತ್ಸಾಹ. ಅವರು ಬೋರ್ಡಿನ ಮೇಲೆ ಒಂದು ಸಾಲು ಬರೆದರೆ ಸಾಕು, ಚಪ್ಪಾಳೆ.

ವಾರ ಕಳೆಯುವಷ್ಟರಲ್ಲಿ ಭಾವ ನನ್ನ ಕಚೇರಿಗೆ ಬಂದರು. ಅಲ್ಲಿಗೆ ಅವರು ಬಂದದ್ದೇ ಅಪರೂಪ. ನಿಂತೇ ಇದ್ದರು.

“ಒಂದು ಚಿಕ್ಕ ಕೋಣೆ ಇದ್ರೆ ಕೊಡಮ್ಮ” ಎಂದರು. “ಹತ್ತು ಕುರ್ಚಿ ಹಿಡಿಸೋ ಅಂಥದ್ದು. ಸ್ಟೋರ್ ರೂಮಾದ್ರೂ ಪರವಾಗಿಲ್ಲ.”

“ಭಾವ, ಹೆಸರು ಕೊಟ್ಟವರೆಲ್ಲರಿಗೂ ಕೂರಕ್ಕೆ ಜಾಗ ತೋರಿಸಲೇಬೇಕು. ನಿಯಮ ಹಾಗಿದೆ.”

“ಹೌದೌದು. ನಿಯಮ ಇರುತ್ತೆ.”

“ಇನ್ನೂ ದೊಡ್ಡ ಕೋಣೆಗೆ ಹಾಕಿ ಅಂತ ಮೇಲಿನಿಂದ ಹೇಳಿದಾರೆ. ನಾನು ಇನ್ನೂ ಹಾಕಿಲ್ಲ.”

ಅವರು ನಕ್ಕ ಹಾಗೆ ಮಾಡಿದರು. “ನಿನ್ನ ತಪ್ಪೇನಿದೆ ಬಿಡು. ಹಾಕು” ಎಂದು ಹೊರಟುಹೋದರು. ಊರಿನ ಕೋಣೆಗಳ ಬೀಗದ ಕೈಯೆಲ್ಲ ನನ್ನ ಹತ್ತಿರ ಇದ್ದಂತೆ ಜನ ನನ್ನನ್ನು ಓಲೈಸುತ್ತಾರೆ. ನನ್ನ ಸ್ವಂತ ಭಾವನಿಗೆ ಒಂದು ಸಣ್ಣ ಕೋಣೆ ಕೊಡಲು ನನ್ನ ಕೈಲಾಗಲಿಲ್ಲ.

ಆ ಹುಡುಗಿಯನ್ನು ಕರೆಸಿ ಕೂರಿಸಿಕೊಂಡು ಹೇಳಿದೆ. “ಇಷ್ಟು ಜನ ಹೋಗಬೇಡಿ ಮಗಳೇ. ಅವರಿಗೆ ಹಿಂಸೆ ಆಗುತ್ತೆ.”

ಅವಳು ಕನ್ನಡಕ ತೆಗೆದಳು. “ನಾವು ಒಳ್ಳೇದಕ್ಕೇ ಮಾಡಿದ್ದು ಮೇಡಂ. ಈಗ ಎಲ್ಲರೂ ಒಟ್ಟಿಗೆ ಬಿಟ್ಟುಬಿಟ್ರೆ ಅವರಿಗೆ ಅವಮಾನ ಆಗಲ್ವಾ?”

ಅದೂ ನಿಜವೇ. ಹೋದರೆ ಹಿಂಸೆ, ಬಿಟ್ಟರೆ ಅವಮಾನ. ಅತ್ತ ದರಿ ಇತ್ತ ಪುಲಿ. ಕೊನೆಗೆ ಅವಳು ಕಣ್ಣೊರೆಸಿಕೊಂಡು ಎದ್ದು ಹೋದಳು.

ಅವಧಿ ಮುಗಿಯುವ ಮೊದಲೇ ಭಾವ ಪಾಠ ಬಿಟ್ಟು ಪರೀಕ್ಷಾ ವಿಭಾಗಕ್ಕೆ ಹಾಕಿಸಿಕೊಂಡರು. ಯಾರೂ ತಡೆಯಲಿಲ್ಲ. ಮುಖ್ಯಸ್ಥರಿಗೆ ನೆಮ್ಮದಿಯೇ ಆಯಿತೇನೋ. ಅಂಕಗಳ ತಾಳೆ ನೋಡುವುದು, ಉತ್ತರಪತ್ರಿಕೆಗಳ ಕಟ್ಟು ಕಟ್ಟಿಸುವುದು, ತಕರಾರು ತಂದವರಿಗೆ ಕಿಟಕಿಯಿಂದ ಉತ್ತರ ಕೊಡುವುದು. ನನ್ನ ಕಚೇರಿಯ ಎದುರೇ ಆ ಕಿಟಕಿ.

ಅಕ್ಕ ಒಬ್ಬಳೇ ಪಾಠ ಸಿದ್ಧಮಾಡಿಕೊಂಡಳು. ಐದಾರು ಪುಸ್ತಕ ಹರಡಿಕೊಂಡು, ಬರೆದು, ಹೊಡೆದುಹಾಕಿ, ಮತ್ತೆ ಬರೆದು. ಅವಳ ಕಣ್ಣಿನ ಕೆಳಗೆ ಕಪ್ಪು ಕಟ್ಟಿತು. ಮರುವರ್ಷ ವಿದ್ಯಾರ್ಥಿಗಳು ಮತ್ತೆ ಅವಳನ್ನೇ ಆರಿಸಿದರು. ಈ ಸಲ ಅವಳು ವೇದಿಕೆಯ ಮೇಲೆ ‘ಎಲ್ಲರಿಗೂ ಕೃತಜ್ಞತೆ’ ಎಂದಷ್ಟೇ ಹೇಳಿ ಇಳಿದಳು. ಭಾವ ಬಂದಿರಲಿಲ್ಲ. ನೆಗಡಿ ಎಂದಿದ್ದರು.

ದಾರಿಯಲ್ಲಿ ಅಕ್ಕ ನನ್ನ ಕೈ ಹಿಡಿದುಕೊಂಡು ನಡೆದಳು. “ಹುಡುಗರಿಗೆ ವ್ಯತ್ಯಾಸವೇ ಗೊತ್ತಾಗಲಿಲ್ಲ ಕಣೆ. ಇಡೀ ವರ್ಷ ನಾನು ಹೇಳಿದ್ದು ಪುಸ್ತಕದ ಬದನೇಕಾಯಿ. ಒಂದು ಪಾಠಕ್ಕೂ ಜೀವ ಇರಲಿಲ್ಲ. ಆದ್ರೂ ಅದೇ ಚಪ್ಪಾಳೆ.”

“ಅಥವಾ ನೀನೇ ಅಷ್ಟು ಚೆನ್ನಾಗಿ ಹೇಳ್ತೀಯೋ ಏನೋ” ಎಂದೆ ನಾನು, ಸಮಾಧಾನಕ್ಕೆ.

“ಹಾಗಿದ್ರೆ ಇನ್ನೂ ಕಷ್ಟ” ಎಂದಳು. “ಹಾಗಿದ್ರೆ ಅವರು ಬೇಕೇ ಇರಲಿಲ್ಲ ಅಂತ ಆಗುತ್ತೆ.”

ಅದಾದ ಮೇಲೆ ಒಂದು ಮಧ್ಯಾಹ್ನ ಪರೀಕ್ಷಾ ವಿಭಾಗದ ಕಿಟಕಿಗೆ ಒಬ್ಬ ವಿದ್ಯಾರ್ಥಿ ಬಂದ. ತನ್ನ ಉತ್ತರಕ್ಕೆ ಸೊನ್ನೆ ಯಾಕೆ ಬಂತು ಎಂಬುದು ಅವನ ತಕರಾರು. ಊಟದ ಹೊತ್ತು, ಪಡಸಾಲೆಯಲ್ಲಿ ಬೇರೆ ಯಾರೂ ಇರಲಿಲ್ಲ. ಭಾವ ಮೊದಲು ತಗ್ಗಿದ ದನಿಯಲ್ಲಿ ಏನೋ ಹೇಳಿದರು. ಆತ ಅರ್ಥವಾಗಲಿಲ್ಲ ಎಂದ. ಭಾವ ಸ್ಟೇಪ್ಲರನ್ನು ಕಿಟಕಿಯ ಕಟ್ಟೆಯ ಮೇಲಿಟ್ಟರು. ಅದರ ಪಕ್ಕ ಮೊಹರಿನ ಮಸಿಯ ಡಬ್ಬಿ. ಆಮೇಲೆ ಎರಡು ಗುಂಡುಸೂಜಿ. ಅವರ ದನಿ ಏರಿತು, ಕೈಗಳು ಹಾರಾಡತೊಡಗಿದವು. ನಾನು ಪೆನ್ನು ಕೆಳಗಿಟ್ಟು ನೋಡುತ್ತ ಕೂತುಬಿಟ್ಟೆ. ಆ ವಿದ್ಯಾರ್ಥಿ ಒಮ್ಮೆಲೇ, “ಅಯ್ಯೋ, ಇಷ್ಟೇನಾ ಸರ್!” ಎಂದು ಹಣೆ ಚಚ್ಚಿಕೊಂಡ. ಭಾವ ಬಾಯಿ ತುಂಬ ನಕ್ಕರು.

ಮಾರನೇ ದಿನ ಅದೇ ಹೊತ್ತಿಗೆ ಕಿಟಕಿಯ ಮುಂದೆ ಸಾಲು ನಿಂತಿತ್ತು. ಆತ ಹೋಗಿ ಗೆಳೆಯರಿಗೆಲ್ಲ ಹೇಳಿದ್ದ. ಒಬ್ಬರ ಹೆಗಲ ಮೇಲಿಂದ ಒಬ್ಬರು ಇಣುಕುತ್ತಿದ್ದರು. ಭಾವ ಅವರನ್ನೆಲ್ಲ ನೋಡಿದರು. ಕೈ ಸ್ಟೇಪ್ಲರಿನ ತನಕ ಹೋಗಿ ನಿಂತಿತು. “ಅಧಿಕಾರಿಗಳನ್ನ ಕೇಳಿ” ಎಂದು ಗೊಣಗಿ ಕಿಟಕಿಯ ಬಾಗಿಲು ಎಳೆದುಕೊಂಡರು.

ಈ ಎರಡನೇ ದಿನದ ಸುದ್ದಿಯನ್ನು ನಾನು ಅಕ್ಕನಿಗೆ ಹೇಳಲಿಲ್ಲ. ಮೊದಲನೇ ದಿನದ್ದನ್ನು ಹೇಳಿದೆ. ಅವಳು ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದವಳು ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ನನ್ನೆದುರು ಬಂದು ಕೂತಳು.

“ಯಾವ ಲೆಕ್ಕ? ಸ್ಟೇಪ್ಲರ್ ಎಲ್ಲಿಟ್ರು? ಮಸಿ ಡಬ್ಬಿ ಯಾಕೆ? ಏನಂದ್ರು, ಅವರ ಮಾತಲ್ಲೇ ಹೇಳು.”

ನಾನು ನೆನಪಿಸಿಕೊಳ್ಳಲು ನೋಡಿದೆ. ಕೈ ಹೀಗೆ ಮಾಡಿದರು, ಗುಂಡುಸೂಜಿಯನ್ನು ಹಾಗೆ ಸರಿಸಿದರು ಎಂದು ತೋರಿಸಿದೆ.

“ಆಮೇಲೆ?” ಎಂದಳು ಅಕ್ಕ. “ಸರಿಸುವಾಗ ಏನೋ ಹೇಳಿರಬೇಕಲ್ಲ. ಏನಂದ್ರು?”

ನನಗೆ ಒಂದು ಮಾತೂ ನೆನಪಿರಲಿಲ್ಲ. ಅವರ ಮುಖವನ್ನಷ್ಟೇ ನೋಡುತ್ತ ಕೂತಿದ್ದೆ. “ಗೊತ್ತಿಲ್ಲ ಅಕ್ಕ” ಎಂದೆ. ಅವಳು ಇನ್ನೂ ಸ್ವಲ್ಪ ಹೊತ್ತು ನನ್ನ ಬಾಯಿಯನ್ನೇ ನೋಡುತ್ತ ಕೂತಿದ್ದಳು.